ಗಾಜಿನಾಚೆಯ ತುಟಿಗಳು

ಮಗ್ಗಗಳು ಸತ್ತಿಲ್ಲವೆಂದು ಲಾಳಿಯಕ್ಕನಿಗೆ ತಿಳಿದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಅಂಗಾತ ಮಲಗಿದ್ದಾಗ.

ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಮಗ್ಗಗಳನ್ನೆಲ್ಲ ತುಂಡು ಮಾಡಿ, ಹಳೇ ಕಬ್ಬಿಣವೆಂದು ಲಾರಿಗೆ ಹೇರಿದ್ದನ್ನು ಅವಳೇ ಗೇಟಿನ ಹೊರಗೆ ನಿಂತು ಕಣ್ಣಾರೆ ಕಂಡಿದ್ದಳು. ಆದರೆ ಆ ಬಿಳಿಯ ಕೊಳವೆಯೊಳಗೆ ಅವಳನ್ನು ತಲೆ ಮುಂದಾಗಿ ತಳ್ಳಿ ಎಂಆರ್‌ಐ ಯಂತ್ರ ಶುರುಮಾಡಿದ ಗಳಿಗೆಯಲ್ಲಿ, ಎಲ್ಲಿಂದಲೋ ಇಡೀ ಶೆಡ್ಡೇ ಎದ್ದು ಬಂದು ಅವಳ ಸುತ್ತ ನಿಂತಿತು. ಟಕ ಟಕ ಟಕ, ಢಗ್. ಟಕ ಟಕ ಟಕ, ಢಗ್. ಲಾಳಿ ಎಡದಿಂದ ಬಲಕ್ಕೆ ಹಾರಿತು, ಬಲದಿಂದ ಎಡಕ್ಕೆ ಮರಳಿತು. ಮಾಡಿನ ಗಾಜಿನಿಂದ ಇಳಿದ ಬಿಸಿಲುಕೋಲಿನಲ್ಲಿ ಹತ್ತಿಯ ಧೂಳು ನಿಧಾನವಾಗಿ, ಯಾರ ಗೊಡವೆಯೂ ಇಲ್ಲದೆ ತೇಲಿತು. ಸಾಲಿನ ಆಚೆಬದಿಯ ಮಗ್ಗದ ಹಿಂದೆ, ತಲೆಗೆ ಬಟ್ಟೆ ಕಟ್ಟಿಕೊಂಡು ನಾದಿನಿ ನಿಂತಿದ್ದಳು. ತಮ್ಮನ ಹೆಂಡತಿ. ಹೋದ ವರ್ಷ ತೀರಿಕೊಂಡವಳು. ಅವಳು ತುಟಿ ಬಿಡಿಸಿ ಏನೋ ಹೇಳಿದಳು.

"ಏನಂದೆ?" ಎಂದು ಲಾಳಿಯಕ್ಕ ಕೇಳಿದಳು. ದನಿಯಿಲ್ಲದೆ, ಬರೀ ತುಟಿಯಲ್ಲಿ.

ಅಷ್ಟಕ್ಕೇ ಚಿತ್ರ ಕೆಟ್ಟುಹೋಯಿತು.

"ಅಲುಗಾಡಿಬಿಟ್ರಿ," ಎಂದಳು ಯಂತ್ರ ನಡೆಸುವ ಹುಡುಗಿ, ಮಂಚವನ್ನು ಹೊರಗೆಳೆಯುತ್ತ. "ನುಂಗಬೇಡಿ, ಕೆಮ್ಮಬೇಡಿ, ಮಾತಾಡಬೇಡಿ ಅಂತ ಬಡ್ಕೊಂಡೆನಲ್ಲ ಅಜ್ಜಿ. ಕೊರಳು ಒಂಚೂರು ಅಲುಗಿದ್ರೂ ಎಲ್ಲಾ ಮಸುಕು."

"ನಾನೆಲ್ಲಿ ಮಾತಾಡಿದೆ? ಉಸಿರು ಬಿಟ್ಟಿದ್ದೇ ಹೆಚ್ಚು. ಮತ್ತೆ, ಅಜ್ಜಿ ಅಂತ ಯಾರಿಗಂದೆ?"

"ನಿಮಗೇ. ಇನ್ನೇನಂತ ಕರೀಲಿ?"

"ಅಕ್ಕ ಅನ್ನು. ಗಿರಣಿ ಸೂಪರ್‌ವೈಸರ್ ಕೂಡ ಹಾಗೇ ಕರೀತಿದ್ದ. ಹೆದರ್ಕೊಂಡು."

ಹುಡುಗಿ ನಕ್ಕಳು. ಆದರೆ ಮುಂದಿನ ವಾರ ಎರಡನೆಯ ಸಲವೂ ಚಿತ್ರ ಮಸುಕಾದಾಗ ನಗಲಿಲ್ಲ. ಲಾಳಿಯಕ್ಕ ಸುಳ್ಳು ಹೇಳಿರಲಿಲ್ಲ. ಅವಳ ಮಟ್ಟಿಗೆ ದನಿ ಹೊರಟರೆ ಮಾತ್ರ ಅದು ಮಾತು. ತುಟಿ ಅಲುಗಿದ್ದು ಅವಳಿಗೇ ಗೊತ್ತಾಗಿರಲಿಲ್ಲ.

ಮಗ್ಗದ ಶೆಡ್ಡಿನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕಿರುಚಿದರೂ ಪಕ್ಕದವರಿಗೆ ಕೇಳಿಸುವುದಿಲ್ಲ. ಹಾಗಾಗಿ ನೇಯುವ ಹೆಂಗಸರು ಗಂಟಲಿಗೆ ರಜೆ ಕೊಟ್ಟು ತುಟಿಗೆ ಕೆಲಸ ಹಚ್ಚಿದರು. ಬಾಯಿಯನ್ನು ಅಗಲಿಸಿ, ಕಿರಿದು ಮಾಡಿ, ಒಂದೊಂದು ಅಕ್ಷರವನ್ನೂ ಹಲ್ಲು ನಾಲಿಗೆ ಕಾಣುವಂತೆ ಎತ್ತಿ ಹಿಡಿದು, ಶೆಡ್ಡಿನ ಈ ತುದಿಯಿಂದ ಆ ತುದಿಗೆ ಮಾತಾಡುತ್ತಿದ್ದರು. ತುಟಿಮಾತು ಎಂದು ಅದಕ್ಕೆ ಹೆಸರು. ಯಾರ ಮಗಳಿಗೆ ಗಂಡು ನೋಡಿದರು, ಯಾರ ಗಂಡ ಮತ್ತೆ ಕುಡಿದು ಬಂದ, ಎಲ್ಲ ಆ ಗದ್ದಲದ ನಡುವೆ ಗುಟ್ಟಾಗಿ, ಆದರೆ ಎಲ್ಲರ ಎದುರೇ ಹರಿದಾಡುತ್ತಿತ್ತು. ಕೈ ನೂಲಿನಲ್ಲಿ, ಕಣ್ಣು ಎದುರಿನವಳ ಬಾಯಲ್ಲಿ. ಅದಕ್ಕೊಂದು ಕಟ್ಟಳೆಯೂ ಇತ್ತು: ಒಬ್ಬಳು ಹೇಳುವಾಗ ಇನ್ನೊಬ್ಬಳು ಕಲ್ಲಾಗಬೇಕು. ತಲೆ ತಿರುಗಿಸಿದರೆ ಅರ್ಧ ಮಾತು ಹಾರಿಹೋಗುತ್ತದೆ. ಲಾಳಿಯಕ್ಕನಿಗೆ ಆ ಹೆಸರು ಬಂದದ್ದೂ ಅಲ್ಲೇ. ಮಗ್ಗದಿಂದ ಮಗ್ಗಕ್ಕೆ ಸುದ್ದಿ ಒಯ್ಯುವುದರಲ್ಲಿ ಅವಳು ಲಾಳಿಗಿಂತ ಚುರುಕು.

ಅದೇ ತುಟಿಮಾತಿನಲ್ಲಿ ಅವರು ಒಂದು ಮುಷ್ಕರವನ್ನೂ ಕಟ್ಟಿದ್ದರು. ಕೇಳಿದ್ದೇನು ಮಹಾ? ಕಿವಿಗೆ ಇಟ್ಟುಕೊಳ್ಳಲು ಒಂದಿಷ್ಟು ಹತ್ತಿ. ಹತ್ತಿ ಬೆಟ್ಟದಂತೆ ಬಿದ್ದಿರುತ್ತಿದ್ದ ಆ ಜಾಗದಲ್ಲಿ, ಒಂದು ಎಸಳನ್ನು ಕಿವಿಗಿಟ್ಟುಕೊಂಡು ಹೊರಬಂದರೆ ಗೇಟಿನಲ್ಲಿ ಕಳವೆಂದು ಹಿಡಿಯುತ್ತಿದ್ದರು. ಮಾಲೀಕರ ಹತ್ತಿಗೆ ಇದ್ದ ಬೆಲೆ ದುಡಿಯುವವರ ಕಿವಿಗೆ ಇರಲಿಲ್ಲ. ಒಂದು ಬೆಳಗ್ಗೆ, ಸೂಪರ್‌ವೈಸರ್ ಅವಳ ಮುಂದೆಯೇ ನಿಂತಿದ್ದಾಗ, ಲಾಳಿಯಕ್ಕ ಅವನ ಹೆಗಲಿನ ಮೇಲಿಂದ ನೋಡುತ್ತ "ನಿಲ್ಲಿಸಿ" ಎಂದು ತುಟಿಯಾಡಿಸಿದಳು. ಆ ಒಂದು ಮಾತು ಸಾಲಿನಿಂದ ಸಾಲಿಗೆ ಓಡಿತು. ಮಗ್ಗಗಳು ಒಂದೊಂದಾಗಿ ತೆಪ್ಪಗಾದವು. ಎಲ್ಲ ನಿಂತ ಮೇಲೆ ಆ ಶೆಡ್ಡಿನಲ್ಲಿ ಗುಬ್ಬಚ್ಚಿಗಳು ಇದ್ದವೆಂದು ಮೊದಲ ಬಾರಿಗೆ ತಿಳಿಯಿತು.

ಹತ್ತಿ ಸಿಕ್ಕಿತೇ? ಸಿಗಲಿಲ್ಲ. ಗಿರಣಿಯೇ ಮುಚ್ಚಿತು. ಕಿವಿಗಳು ಮಾತ್ರ ಮಂದವಾಗಿಯೇ ಉಳಿದವು.

ಈಗ ಮೂರನೆಯ ಸರದಿ. ಇದೇ ಕೊನೆಯದು.

ನೆಲಮಾಳಿಗೆಯ ಓಣಿಯಲ್ಲಿ ಹಳೆಯ ನೇಯ್ಗೆಯವರು ಗೋಡೆಗೊರಗಿಸಿದ ಬೆಂಚುಗಳ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರ ಮೈಮೇಲೂ ಆಸ್ಪತ್ರೆಯ ತೆಳು ನೀಲಿ ನಿಲುವಂಗಿ. ಹಿಂದಿನ ಲಾಡಿ ಬಿಚ್ಚಿಕೊಳ್ಳುತ್ತದೆಂದು ಯಾರೂ ಬೆನ್ನನ್ನು ಗೋಡೆಯಿಂದ ಬಿಡಿಸುತ್ತಿರಲಿಲ್ಲ. ಲಾಳಿಯಕ್ಕನ ಪಕ್ಕದಲ್ಲಿ ಅವಳ ತಮ್ಮ. ಗಿರಣಿಯಲ್ಲಿ ಮಗ್ಗ ರಿಪೇರಿಯವನು, ಇವತ್ತಿಗೂ ಎಲ್ಲರ ಬಾಯಲ್ಲಿ ಫಿಟ್ಟರ್. ಅವನಿಗೆ ಸ್ಕ್ಯಾನ್ ಇಲ್ಲ. ಹಿಂದೊಮ್ಮೆ ಕಬ್ಬಿಣದ ಚೂರೊಂದು ಅಂಗೈಗೆ ಹೊಕ್ಕು ಅಲ್ಲೇ ಮನೆ ಮಾಡಿಕೊಂಡಿದ್ದರಿಂದ ಆ ಅಯಸ್ಕಾಂತದ ಹತ್ತಿರ ಅವನನ್ನು ಬಿಡುವಂತಿರಲಿಲ್ಲ. ಅಕ್ಕನ ಚೀಲ ಹಿಡಿದುಕೊಳ್ಳಲು ಬಂದಿದ್ದ.

"ಇವತ್ತಾದ್ರೂ ಬಾಯಿ ಮುಚ್ಕೊಂಡು ಮಲಗ್ತೀಯಾ?" ಎಂದ.

"ನೀನು ಬಾಯಿ ಮುಚ್ಕೊಂಡು ಕೂತ್ಕೋ. ನಿನ್ನ ಗೊರಕೆ ಒಳಗಿನ ತನಕ ಬರುತ್ತೆ."

"ನನಗೆ ಕೇಳ್ಸಲ್ವಲ್ಲ, ನಾನು ನಂಬಲ್ಲ."

ಎದುರಿನ ಬೆಂಚಿನಲ್ಲಿ ಗಂಟಜ್ಜಿ ನಕ್ಕಳು. ಹರಿದ ಎಳೆಗಳಿಗೆ ಗಂಟು ಹಾಕುವುದರಲ್ಲೇ ಆಯಸ್ಸು ಕಳೆದವಳು. ಎರಡೂ ಕಿವಿ ಪೂರ್ತಿ ಹೋಗಿದ್ದರೂ ಓಣಿಯ ಯಾವ ಮಾತೂ ಅವಳ ಕಣ್ಣು ತಪ್ಪುತ್ತಿರಲಿಲ್ಲ.

ಇವರನ್ನೆಲ್ಲ ಕರೆಸಿದ್ದು ಡಾಕ್ಟರು. ಗದ್ದಲದಲ್ಲಿ ವರ್ಷಗಟ್ಟಲೆ ದುಡಿದವರ ಕೊರಳಿನ ರಕ್ತನಾಳಗಳಲ್ಲಿ ಜಿಡ್ಡು ಹೇಗೆ ಕಟ್ಟುತ್ತದೆಂದು ನೋಡುವ ಅಧ್ಯಯನ ಅವರದು. ಮೊದಲ ದಿನ ಹಲಗೆಯ ಮೇಲೆ ಕೊಳವೆಯೊಂದನ್ನು ಬರೆದು ಚೆನ್ನಾಗಿಯೇ ತಿಳಿಸಿ ಹೇಳಿದ್ದರು. "ಹಳೇ ಪರೀಕ್ಷೆ ದಾರಿ ಎಷ್ಟು ಕಿರಿದಾಗಿದೆ ಅಂತ ನೋಡುತ್ತೆ. ಈ ಯಂತ್ರ ಗೋಡೆಯನ್ನೇ ನೋಡುತ್ತೆ. ದಾರಿ ಅಗಲವಾಗೇ ಇರಬಹುದು. ಆದ್ರೆ ಗೋಡೆಯೊಳಗೆ ಜಿಡ್ಡು ಕೂತು, ಅದರ ಮೇಲಿನ ಸಿಪ್ಪೆ ತೆಳ್ಳಗಾಗಿ, ಒಳಗೇ ರಕ್ತ ಸೋರ್ತಾ ಇರುತ್ತೆ. ಒಂದಿನ ಸಿಪ್ಪೆ ಒಡೀತು ಅಂದ್ರೆ ಚೂರು ನೇರ ಮಿದುಳಿಗೆ."

ಆ ಮಾತಿಗೆ ಫಿಟ್ಟರ್ ನೆಲ ನೋಡಿದ್ದ. ಅವನ ಹೆಂಡತಿಯ ಕೊರಳನ್ನೂ ಬೇರೊಂದು ಕಡೆ ಆ ಹಳೇ ಪರೀಕ್ಷೆಯಲ್ಲಿ ನೋಡಿದ್ದರು. ದಾರಿ ಅಗಲವಾಗಿದೆ, ಹೆದರಬೇಡಿ ಎಂದು ಬೆನ್ನು ತಟ್ಟಿ ಕಳಿಸಿದ್ದರು. ಆಮೇಲೊಂದು ಮಧ್ಯಾಹ್ನ ಲಾಳಿಯಕ್ಕ, ನಾದಿನಿ ಇಬ್ಬರೂ ಒಗೆದ ಹಾಸಿಗೆ ಬಟ್ಟೆಯನ್ನು ಆ ತುದಿ ಈ ತುದಿ ಹಿಡಿದು ಮಡಚುತ್ತಿದ್ದರು. ಇಬ್ಬರೇ ಇದ್ದಾಗ ಅವರದು ಈಗಲೂ ತುಟಿಮಾತೇ. ನಾದಿನಿ ಏನೋ ಹೇಳಿದಳು. ಬಾಯಿ ಒಂದು ಕಡೆಗೆ ವಾಲಿತು. ಲಾಳಿಯಕ್ಕ ಅದನ್ನು ಯಾರನ್ನೋ ಅಣಕಿಸುತ್ತಿದ್ದಾಳೆಂದುಕೊಂಡು ನಕ್ಕಳು. "ಏನಂದೆ?" ಎಂದಳು. ಬಟ್ಟೆಯ ಆ ತುದಿ ಜಾರಿ ಕೆಳಗೆ ಬಿತ್ತು, ಹಿಂದೆಯೇ ನಾದಿನಿಯೂ. ಶೆಡ್ಡಿನ ಯಾವ ಮೂಲೆಯ ಯಾವ ಮಾತನ್ನೂ ತಪ್ಪಿಸಿಕೊಳ್ಳದ ಲಾಳಿಯಕ್ಕ, ಎದುರಿಗೇ ಇದ್ದವಳ ಕಡೆಯ ಮಾತನ್ನು ಓದಲಾರದೆ ಹೋದಳು.

ಈಚೆಗೆ ಅವಳಿಗೇ ಒಂದು ಸಂಗತಿ ಶುರುವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಪಾತ್ರೆ ತೊಳೆಯುವಾಗಲೋ, ಮೆಟ್ಟಿಲಿಳಿಯುವಾಗಲೋ, ಎಡಗಣ್ಣಿನ ಮೇಲೆ ಮೇಲಿನಿಂದ ಕೆಳಕ್ಕೆ ಯಾರೋ ಬೂದು ಬಟ್ಟೆ ಎಳೆದ ಹಾಗಾಗುತ್ತಿತ್ತು. ಸಣ್ಣ ನೂಲಿನ, ಒತ್ತು ನೇಯ್ಗೆಯ ಬಟ್ಟೆ. ಒಂದು ಗಳಿಗೆ ನಿಂತು ಮತ್ತೆ ಮೇಲೇರಿ ಮಾಯ. "ಕಣ್ಣು ಕತ್ತಲಾಗೋದು, ಕೈ ಜೋಮು ಹಿಡಿಯೋದು, ಅಂಥಾ ತೊಂದರೆ ಏನಾದ್ರೂ ಇದೆಯಾ?" ಎಂದು ಡಾಕ್ಟರು ಕೇಳಿದಾಗ ಅವಳು ಕಡ್ಡಿ ಮುರಿದಂತೆ "ಇಲ್ಲ" ಅಂದುಬಿಟ್ಟಿದ್ದಳು. ತೊಂದರೆ ಇದ್ದವರನ್ನು ಅಧ್ಯಯನಕ್ಕೆ ಸೇರಿಸುವುದಿಲ್ಲವೆಂದು ಓಣಿಯಲ್ಲಿ ಸುದ್ದಿ ಇತ್ತು. ಬೇರೆಡೆ ಈ ಸ್ಕ್ಯಾನ್ ಮಾಡಿಸುವ ಶಕ್ತಿ ಅವಳಿಗಿರಲಿಲ್ಲ. ಹಳೇ ಪರೀಕ್ಷೆಯ ಮೇಲೆ ನಂಬಿಕೆ ಇರಲಿಲ್ಲ. ನಾದಿನಿಯ ಕೊರಳಲ್ಲಿ ಇದ್ದದ್ದು ತನ್ನ ಕೊರಳಲ್ಲೂ ಇದೆಯೇ? ಅವಳಿಗೆ ಬೇಕಿದ್ದದ್ದು ಇಷ್ಟೇ ಉತ್ತರ.

"ನನ್ನ ಗೋಡೆ ಹೇಗಿದೆ ಅಂತ ಹೇಳ್ತೀರಾ?" ಎಂದು ಅಂದೇ ಕೇಳಿದ್ದಳು.

"ಒಬ್ಬೊಬ್ಬರಿಗೆ ಹೇಳೋ ಹಾಗಿಲ್ಲಮ್ಮ. ಚಿತ್ರಗಳು ಬೇರೆ ಕಡೆ ಹೋಗ್ತವೆ, ಹೆಸರಿಲ್ಲದೆ ಓದ್ತಾರೆ. ಇದು ಚಿಕಿತ್ಸೆ ಅಲ್ಲ, ಅಧ್ಯಯನ. ನಿಯಮ ಹಾಗಿದೆ."

ಕೊರಳು ನಮ್ಮದು, ಕೊರಳೊಳಗಿನ ಸುದ್ದಿ ಅವರದು. ಗೇಟಿನ ಈಚೆ ಹತ್ತಿ ಯಾರದು ಎಂಬ ಹಳೆಯ ಜಗಳವೇ ಬೇರೆ ಅಂಗಿ ತೊಟ್ಟು ಬಂದಂತಿತ್ತು. ಮೊದಲು ಚಿತ್ರ ಬರಲಿ, ಆಮೇಲೆ ನೋಡಿಕೊಂಡರಾಯಿತು ಎಂದು ಅವಳು ಆಗ ಸುಮ್ಮನಿದ್ದಳು.

"ಇವತ್ತೂ ಕೆಟ್ರೆ ನಿಮ್ಮನ್ನ ಕೈಬಿಡ್ತಾರೆ ಅಕ್ಕ," ಎಂದಳು ಹುಡುಗಿ, ಮಂಚದ ಮೇಲೆ ಅವಳನ್ನು ಮಲಗಿಸುತ್ತ. ಕೊರಳಿನ ಎರಡೂ ಬದಿಗೆ ಅಂಗೈಯಗಲದ ಎರಡು ಪಟ್ಟಿಗಳನ್ನು ಒತ್ತಿ ಕೂರಿಸಿದಳು. ಮೆತ್ತನೆಯ ಎರಡು ಬಿರಡೆಗಳನ್ನು ಹಿಸುಕಿ ಕಿವಿಗಳಿಗೆ ಇಟ್ಟಳು, ಮೇಲೆ ದಪ್ಪ ಹೆಡ್‌ಫೋನು.

"ಪ್ರತಿ ಸಲ ಇದ್ಯಾಕೆ ಕಿವಿಗೆ?"

"ಸದ್ದು ಜಾಸ್ತಿ ಅಲ್ವಾ? ಕಿವಿ ಕೆಡಬಾರದು ಅಂತ. ಎಲ್ಲರಿಗೂ ಕೊಡಲೇಬೇಕು."

ಲಾಳಿಯಕ್ಕ ಚಾವಣಿ ನೋಡುತ್ತ ಮಲಗಿದಳು. ಎಲ್ಲರಿಗೂ ಕೊಡಲೇಬೇಕು. ಎಷ್ಟು ಹಗುರವಾಗಿ ಹೇಳಿಬಿಟ್ಟಳಲ್ಲ ಈ ಮಗು. ಒಂದು ಗಿರಣಿಯೇ ಮುಳುಗಿಹೋದ ಮಾತದು.

ಹೆದರಿಕೆಯಾಗದಿರಲೆಂದು ಮುಖದ ಮೇಲೆ ಓರೆಯಾಗಿ ಪುಟ್ಟ ಕನ್ನಡಿ ಕೂರಿಸಿದ್ದರು. ಅದರಲ್ಲಿ ಅವಳ ಪಾದಗಳು ಕಾಣುತ್ತಿದ್ದವು, ಪಾದಗಳಾಚೆ ದೊಡ್ಡ ಗಾಜು, ಗಾಜಿನಾಚೆ ಹುಡುಗಿ ಕೂರುವ ಕೋಣೆ. ಮಂಚ ಸರಿಯಿತು. ಬಿಳುಪು ಹತ್ತಿರವಾಯಿತು. ಟಕ ಟಕ ಟಕ, ಢಗ್.

ಶೆಡ್ಡು ಈ ಸಲ ತಡಮಾಡಲಿಲ್ಲ. ಆದರೆ ಈಗ ಎಲ್ಲವೂ ನೀರಿನಡಿಯಲ್ಲಿ ಇದ್ದಂತಿತ್ತು. ಮಗ್ಗಗಳ ಮೇಲೆ ಹಾಸಿನ ಎಳೆಗಳಿರಲಿಲ್ಲ, ಉದ್ದನೆಯ ತೆಳು ಕೊಳವೆಗಳು ಬಿಗಿದು ನಿಂತಿದ್ದವು. ಅವುಗಳೊಳಗೆ ಕಪ್ಪಗೆ ಏನೋ ಹರಿಯುತ್ತಿತ್ತು. ಹೆಂಗಸರು ಅವುಗಳ ಮೇಲೆ ಬೆರಳಾಡಿಸಿ ಗಂಟು ಹುಡುಕುತ್ತಿದ್ದರು. ಸಾಲಿನ ತುದಿಯಲ್ಲಿ ನಾದಿನಿ ಒಂದು ಕೊಳವೆಯನ್ನು ಬೆಳಕಿಗೆ ಎತ್ತಿ ಹಿಡಿದು, ಲಾಳಿಯಕ್ಕನ ಕಡೆ ತಿರುಗಿ, ತುಟಿ ಬಿಡಿಸಿದಳು. ಬಾಯಿ ಒಂದು ಕಡೆಗೆ ವಾಲಿತು.

ಏನಂದೆ? ಏನಂದೆ?

ಸದ್ದು ಥಟ್ಟನೆ ನಿಂತಿತು.

ಕನ್ನಡಿಯಲ್ಲಿ ಹುಡುಗಿ ಎದ್ದು ಬಾಗಿಲ ಕಡೆ ಓಡಿದ್ದು ಕಂಡಿತು. ಸ್ವಲ್ಪ ಹೊತ್ತಿಗೆ ಫಿಟ್ಟರ್‌ನ ತೋಳು ಹಿಡಿದುಕೊಂಡು ಬಂದಳು. ಅವನ ಮುಂದಿದ್ದ ಪರದೆಯೊಂದಕ್ಕೆ ಬೆರಳು ಮಾಡಿದಳು. ಫಿಟ್ಟರ್ ಬಗ್ಗಿ ನೋಡಿದ. ನೋಡುತ್ತಲೇ ನಿಂತ. ಆಮೇಲೆ ಕೈಯಿಂದ ಮುಖ ಒರೆಸಿಕೊಂಡು ಗಾಜಿನ ಹತ್ತಿರ ಬಂದ.

"ಅಕ್ಕ," ಎಂದಿತು ಅವನ ತುಟಿ. "ಯಾರ ಹತ್ರ ಮಾತಾಡ್ತಿದ್ದೀಯ?"

"ಯಾರೂ ಇಲ್ಲ."

"ಬೂಸಿ ಬಿಡಬೇಡ. ನಿನ್ನ ಮುಖದ ಮೇಲೆ ಕ್ಯಾಮರಾ ಇದೆ, ತುಟಿ ಇಲ್ಲಿ ಪರದೆ ಮೇಲೆ ಕಾಣುತ್ತೆ. ಏನಂದೆ, ಏನಂದೆ ಅಂತ ಜೀವ ತಿಂತಿದ್ದೀಯಲ್ಲ ಅವಳದ್ದು."

ಲಾಳಿಯಕ್ಕನಿಗೆ ಕಳ್ಳತನದಲ್ಲಿ ಸಿಕ್ಕಿಬಿದ್ದ ಹಾಗಾಯಿತು. ತುಟಿ ಕಚ್ಚಿಕೊಂಡಳು. ಗಾಜಿನಾಚೆ ತಮ್ಮ ಹುಡುಗಿಗೆ ಏನೋ ಹೇಳಿ, ಅವಳು ತಲೆಯಾಡಿಸಿದ ಮೇಲೆ ಮತ್ತೆ ಇತ್ತ ತಿರುಗಿದ.

"ನೀನಿವತ್ತು ಹೇಳೋಳಲ್ಲ. ಕೇಳೋಳು. ಕೇಳೋರು ಹೇಗಿರಬೇಕು?"

ಅವಳು ಕಲ್ಲಾದಳು. ಅದೇ ಉತ್ತರ.

ಯಂತ್ರ ಮತ್ತೆ ಶುರುವಾಯಿತು. ಫಿಟ್ಟರ್ ಗಾಜಿಗೆ ಇನ್ನಷ್ಟು ಹತ್ತಿರ ಬಂದು, ಹಳೆಯ ಶೆಡ್ಡಿನಲ್ಲಿ ನಿಂತವನಂತೆ ಬಾಯಿಯನ್ನು ಅಗಲಿಸಿ ಕಥೆ ಹೇಳತೊಡಗಿದ.

"ನನ್ನವಳು ಹೊಸದಾಗಿ ಬಂದಾಗ ಅವಳ ಮಗ್ಗ ದಿನಾ ಕೆಡ್ತಿತ್ತು, ನೆನಪಿದೆಯಾ? ನೀನು ಸೂಪರ್‌ವೈಸರ್ ಹತ್ರ ಹೋಗಿ ಆ ಹುಡುಗಿಗೆ ದರಿದ್ರ ಮಗ್ಗ ಕೊಟ್ಟಿದ್ದೀರಿ ಅಂತ ಕೂಗಾಡಿದ್ದೆ. ಮಗ್ಗಕ್ಕೆ ಏನೂ ಆಗಿರಲಿಲ್ಲ ಅಕ್ಕ. ದಿನಾ ಸಂಜೆ ನಾನೇ ಒಂದು ಬೋಲ್ಟು ಸಡಿಲ ಮಾಡಿ ಹೋಗ್ತಿದ್ದೆ. ಮಾರನೇ ದಿನ ನನ್ನನ್ನೇ ಕರೀಬೇಕಲ್ಲ."

ಲಾಳಿಯಕ್ಕನ ಹೊಟ್ಟೆಯಲ್ಲಿ ನಗೆ ಹುಟ್ಟಿತು. ನಗಬಾರದು. ನಕ್ಕರೆ ಕೊರಳು ಕುಣಿಯುತ್ತದೆ, ಚಿತ್ರ ಮಣ್ಣುಪಾಲು.

"ಒಂದಿನ ಬೋಲ್ಟು ಕೈಜಾರಿ ಬಿದ್ದೇಹೋಯ್ತು, ಎಲ್ಲಿ ಅಂತ ಸಿಗಲಿಲ್ಲ. ಬೆಳಗ್ಗೆ ಬಂದು ನೆಲದ ಮೇಲೆ ಮಂಡಿಯೂರಿ ಹುಡುಕ್ತಿದ್ದೀನಿ, ಅವಳು ಸೊಂಟದ ಮೇಲೆ ಕೈಯಿಟ್ಕೊಂಡು ನೋಡ್ತಿದ್ದಾಳೆ. ಆಮೇಲೆ ಮುಷ್ಟಿ ಬಿಚ್ಚಿದ್ಲು. ಬೋಲ್ಟು ಅವಳ ಹತ್ರ. ಏನಂದ್ಲು ಗೊತ್ತಾ? ದಿನಾ ಬಿಚ್ಚೋದು ಬೇಡ, ನಮ್ಮಪ್ಪನ್ನ ಬಂದು ಕೇಳು, ಅಂದ್ಲು."

ನಗೆ ಮೇಲೇರಿ ಎದೆಯಲ್ಲಿ ಗುದ್ದಾಡಿತು. ಲಾಳಿಯಕ್ಕ ಕಾಲ್ಬೆರಳುಗಳನ್ನು ಮಡಚಿದಳು. ಇಷ್ಟು ವರ್ಷ ಇದನ್ನು ಇಬ್ಬರೂ ಬಚ್ಚಿಟ್ಟಿದ್ದರೇ! ಲಾಳಿಗೇ ತಿಳಿಯದ ಸುದ್ದಿ! ಯಂತ್ರ ನಿಂತು, "ಈಗ ನುಂಗಬಹುದು" ಎಂದು ಹುಡುಗಿಯ ದನಿ ಹೆಡ್‌ಫೋನಿನಲ್ಲಿ ಬರುತ್ತಲೇ, ಅವಳು ಕೊಳವೆಯೊಳಗೆ ಒಬ್ಬಳೇ ಗೊಳ್ಳೆಂದು ನಕ್ಕಳು. ಗಾಜಿನಾಚೆ ಹುಡುಗಿಯೂ ಹೆಬ್ಬೆರಳೆತ್ತಿ ನಗುತ್ತಿದ್ದಳು.

ಕೊನೆಯ ಸುತ್ತು ಬೇರೆಯದು. ಮಗ್ಗದ ಬಡಿತವಲ್ಲ, ಒಂದೇ ಸಮನೆ ಗುಂಯ್‌ಗುಟ್ಟುವ ಸದ್ದು, ಗಿರಣಿ ಬಿಟ್ಟ ಮೇಲೂ ಕಿವಿಯಲ್ಲಿ ಉಳಿಯುತ್ತಿದ್ದ ಮೊರೆತದಂತೆ.

"ಅವತ್ತು ಅವಳು ಏನಂದ್ಲು ಅಂತ ನನಗೂ ಗೊತ್ತಿಲ್ಲ," ಎಂದ ಫಿಟ್ಟರ್. "ಆಸ್ಪತ್ರೆಯಲ್ಲಿ ಎರಡು ದಿನ ಅವಳ ಬಾಯಿಯನ್ನೇ ನೋಡ್ತಾ ಕೂತಿದ್ದೆ. ತುಟಿ ಅಲುಗ್ತಿತ್ತು. ಅದು ಮಾತಾಗಿರಲಿಲ್ಲ ಅಕ್ಕ. ಅರ್ಧ ಬಾಯಿ ಬಿದ್ದುಹೋಗಿತ್ತು. ನಿನಗೆ ಓದೋಕೆ ಬರಲಿಲ್ಲ ಅನ್ನೋದು ಸುಳ್ಳು. ಅಲ್ಲಿ ಓದೋಕೇನೇ ಏನೂ ಇರಲಿಲ್ಲ."

ಸಾಲಿನ ತುದಿಯಲ್ಲಿ ನಾದಿನಿ ಕೈಯಲ್ಲಿದ್ದ ಕೊಳವೆಯನ್ನು ಕೆಳಗಿಟ್ಟಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕೊಡವಿ, ಹೆಗಲ ಮೇಲೆ ಹಾಕಿಕೊಂಡಳು, ಪಾಳಿ ಮುಗಿದವರಂತೆ. ಲಾಳಿಯಕ್ಕನ ಕಣ್ಣಿನ ಮೂಲೆಯಿಂದ ನೀರು ಹೊರಟು, ಕೆನ್ನೆ ದಾಟಿ, ಹೆಡ್‌ಫೋನಿನೊಳಗೆ ಇಳಿಯಿತು. ಕಣ್ಣೀರಿಗೆ ಕೊರಳು ಅಲುಗುವುದಿಲ್ಲ. ಅವಳು ಕಲ್ಲಾಗಿಯೇ ಇದ್ದಳು.

ಸದ್ದು ನಿಂತಾಗ ಗಾಜಿನಾಚೆ ತಮ್ಮ ಇರಲಿಲ್ಲ, ಅವನನ್ನು ಹೊರಗೆ ಕಳಿಸಿದ್ದರು. ಡಾಕ್ಟರು ಬಂದಿದ್ದರು. ಹುಡುಗಿಯ ಕುರ್ಚಿಯ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಮಂಚ ಇನ್ನೂ ಹೊರಗೆ ಬಂದಿರಲಿಲ್ಲ, ಕನ್ನಡಿ ಇನ್ನೂ ಮುಖದ ಮೇಲಿತ್ತು. ದಪ್ಪ ಗಾಜು, ಮುಚ್ಚಿದ ಬಾಗಿಲು. ಒಂದು ಸೊಲ್ಲೂ ಈಚೆ ದಾಟುವುದಿಲ್ಲವೆಂಬ ಧೈರ್ಯದಲ್ಲಿ ಡಾಕ್ಟರು ನಿರಾಳವಾಗಿ ಮಾತಾಡುತ್ತಿದ್ದರು. ಮೀಸೆ ಗಡ್ಡ ಏನೂ ಇಲ್ಲದ ಸ್ವಚ್ಛ ಬಾಯಿ. ಅಂಥ ಬಾಯನ್ನು ಓದುವುದು ಹಲಗೆ ಮೇಲಿನ ದೊಡ್ಡಕ್ಷರ ಓದಿದಷ್ಟೇ ಸಲೀಸು.

"ಎಡಗಡೆ ನೋಡು," ಎಂದಿತು ಬಾಯಿ. "ದಾರಿ ಅಗಲವಾಗಿದೆ. ಹಳೇ ಪರೀಕ್ಷೆಯಲ್ಲಿ ಇದು ಸಿಕ್ತಾನೇ ಇರಲಿಲ್ಲ."

ಹುಡುಗಿ ಪರದೆಯ ಮೇಲೆ ಏನನ್ನೋ ತೋರಿಸಿದಳು.

"ಹೌದು, ಬೆಳ್ಳಗೆ ಹೊಳೀತಿರೋದು ರಕ್ತ. ಗೋಡೆಯೊಳಗೆ ಸೋರಿದೆ. ಮೇಲೆ ಸಿಪ್ಪೆ ಇದೆಯೋ ಇಲ್ಲವೋ ಅನ್ನೋ ಹಾಗಿದೆ."

ಹುಡುಗಿ ತಿರುಗಿ ಅವರ ಮುಖ ನೋಡಿದಳು. ಅವಳು ಕೇಳಿದ್ದು ಕಾಣಲಿಲ್ಲ. ಉತ್ತರ ಕಂಡಿತು.

"ಹೇಳೋ ಹಾಗಿಲ್ಲ. ತೊಂದರೆ ಏನೂ ಇಲ್ಲ ಅಂತ ಆಕೆಯೇ ಹೇಳಿದ್ದಾರೆ. ಕಣ್ಣು ಕತ್ತಲಾಗಿದೆ ಅಂತ ಒಂದು ಮಾತು ಹೇಳಿದ್ದಿದ್ರೆ ಈಗಲೇ ಮೇಲಿನ ವಾರ್ಡಿಗೆ ಕಳಿಸ್ತಿದ್ದೆ. ಸುಮ್ಮನೆ ಹೇಗೆ ಹೆದರಿಸಲಿ? ನಿಯಮ ಇದೆ."

ಅವರ ಹತ್ತಿರ ಚಿತ್ರವಿತ್ತು, ಬೂದು ಬಟ್ಟೆ ಇರಲಿಲ್ಲ. ಲಾಳಿಯಕ್ಕನ ಹತ್ತಿರ ಬೂದು ಬಟ್ಟೆಯಿತ್ತು, ಚಿತ್ರ ಇರಲಿಲ್ಲ. ಒಂದೇ ಬಟ್ಟೆಯ ಹಾಸನ್ನು ಒಬ್ಬರು, ಹೊಕ್ಕನ್ನು ಒಬ್ಬರು ಬಚ್ಚಿಟ್ಟುಕೊಂಡು ಗಾಜಿನ ಎರಡು ಕಡೆ ಕೂತಿದ್ದರು. ಅವಳು ಬಚ್ಚಿಟ್ಟದ್ದು ಹೊರದಬ್ಬುತ್ತಾರೆಂಬ ಹೆದರಿಕೆಯಿಂದ. ಅವರು ಬಚ್ಚಿಟ್ಟದ್ದು ನಿಯಮದ ಹೆಸರಿನಲ್ಲಿ. ನಡುವೆ ಸಾಯುವುದು ಮಾತ್ರ ಅವಳೊಬ್ಬಳೇ.

ಎಡಗಡೆ ಅಂದರೆ ಎಡಗಣ್ಣು. ಇನ್ನು ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ಒಂದು ಮಾತಿನಲ್ಲಿ ಕಣ್ಣಿನ ಸಂಗತಿ ಹೇಳಿಬಿಟ್ಟರೆ ತಾನು ವಾರ್ಡಿಗೆ ಹೋಗಬಹುದು, ಬದುಕಬಹುದು. ಆದರೆ ಓಣಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತವರ ಕೊರಳುಗಳ ಮಾತೇನು? ಗಂಟಜ್ಜಿಯ ಕೈ ಈಚೆಗೆ ಜೋಮು ಹಿಡಿಯುತ್ತದೆ, ಹಲ್ಲುಜ್ಜುವ ಬ್ರಷ್ಷು ಜಾರಿ ಬೀಳುತ್ತದೆ. ಅದನ್ನು ತಮಾಷೆ ಮಾಡಿ ನಗಿಸಿದ್ದಳೇ ಹೊರತು ಡಾಕ್ಟರಿಗೆ ಅವಳೂ "ಇಲ್ಲ" ಎಂದೇ ಹೇಳಿದ್ದಳು.

ಡಾಕ್ಟರು ನಗುಮುಖದಿಂದ ಅವಳನ್ನು ಬಾಗಿಲ ತನಕ ನಡೆಸಿಕೊಂಡು ಬಂದರು. "ಚಿತ್ರ ತುಂಬ ಚೆನ್ನಾಗಿ ಬಂದಿದೆಯಮ್ಮ. ಆರಾಮಾಗಿ ಮನೆಗೆ ಹೋಗಿ. ಮುಂದಿನವರು ಬನ್ನಿ."

ಗಂಟಜ್ಜಿ ಲಾಡಿ ಹಿಡಿದುಕೊಂಡು ಏಳುತ್ತಿದ್ದಳು. ಲಾಳಿಯಕ್ಕ ಓಣಿಯ ನಡುವೆ ನಿಂತಳು. ಡಾಕ್ಟರ ಹೆಗಲಿನ ಮೇಲಿಂದ ಎಲ್ಲರನ್ನೂ ನೋಡುತ್ತ ತುಟಿಯಾಡಿಸಿದಳು.

"ನಿಲ್ಲಿಸಿ."

ಗಂಟಜ್ಜಿ ಕೂತಳು.

ಆಮೇಲೆ ಆ ಓಣಿಯಲ್ಲಿ ಆದದ್ದು ಡಾಕ್ಟರಿಗೆ ಬಹಳ ಹೊತ್ತು ಅರ್ಥವಾಗಲಿಲ್ಲ. ಒಂದು ದನಿಯಿಲ್ಲ. ಟ್ಯೂಬ್‌ಲೈಟಿನ ಸಣ್ಣ ಝೇಂಕಾರ ಬಿಟ್ಟರೆ ಸೂಜಿ ಬಿದ್ದರೂ ಕೇಳುವಂಥ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಎರಡೂ ಬದಿಯ ಬೆಂಚುಗಳ ಮೇಲೆ ನೀಲಿ ನಿಲುವಂಗಿಯ ಮುದಿಜೀವಗಳು ಬಾಯಿ ಅಗಲಿಸಿ, ಕಿರಿದು ಮಾಡಿ, ಹಲ್ಲು ತೋರಿಸಿ, ಕೆನ್ನೆ ಉಬ್ಬಿಸಿ, ತುಟಿಯಿಂದ ತುಟಿಗೆ ಏನನ್ನೋ ದಾಟಿಸುತ್ತಿದ್ದವು, ತಿಳಿನೀರಿನಲ್ಲಿ ಮೀನುಗಳು ಒಂದಕ್ಕೊಂದು ಸುದ್ದಿ ಹೇಳುವ ಹಾಗೆ. ಕೆಲವು ಕಣ್ಣುಗಳು ಕೆಂಪಾದವು. ಯಾರೋ ಮುಷ್ಟಿ ಬಿಗಿದರು. ನೆಲಮಾಳಿಗೆಯೇ ಮೆಲ್ಲಗೆ ತೇಲಿಕೊಂಡು ಎಲ್ಲಿಗೋ ಹೊರಟಂತಿತ್ತು.

"ಏನಾಗ್ತಿದೆ ಇಲ್ಲಿ? ಏನ್ ಹೇಳ್ತಿದ್ದಾರೆ ಇವರೆಲ್ಲ?" ಡಾಕ್ಟರು ಫಿಟ್ಟರ್‌ನನ್ನು ಕೇಳಿದರು.

ಫಿಟ್ಟರ್ ಅಕ್ಕನ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡ. "ಒಳಗೆ ಕಂಡಿದ್ದನ್ನ ಹೊರಗೆ ಹೇಳೋ ತನಕ ಯಾರೂ ಮಲಗೋದಿಲ್ಲವಂತೆ ಸಾರ್."

"ಕಂಡಿದ್ದು ಅಂದ್ರೆ?"

"ಎಡಗಡೆ. ಬೆಳ್ಳಗೆ ಹೊಳೀತಿರೋದು," ಎಂದಳು ಲಾಳಿಯಕ್ಕ. "ಹುಡುಗಿ ಏನೂ ಹೇಳಿಲ್ಲ, ಅವಳನ್ನ ಬೈಬೇಡಿ. ಹೇಳಿದ್ದು ನೀವೇ. ಗಾಜು ಸದ್ದನ್ನ ತಡೆಯುತ್ತೆ ಡಾಕ್ಟರೇ. ನಾವು ಸದ್ದಿನ ಜನ ಅಲ್ಲ."

ಡಾಕ್ಟರ ಕಿವಿ ಕೆಂಪಾಯಿತು. ಬಾಗಿಲಲ್ಲಿ ನಿಂತ ಹುಡುಗಿಯನ್ನು ನೋಡಿದರು, ಗಾಜಿನ ಕೋಣೆ ನೋಡಿದರು, ಬೆಂಚುಗಳನ್ನು ನೋಡಿದರು. ಕೆಟ್ಟ ಮನುಷ್ಯನೇನಲ್ಲ. ನಿಯಮದ ಬೆನ್ನಿಗೆ ನಿಂತು ನಿಂತು, ತಮಗೂ ಒಂದು ಬೆನ್ನಿದೆ ಎಂಬುದನ್ನು ಮರೆತಿದ್ದವರು.

"ಮತ್ತೆ ಗೊತ್ತಾಯ್ತಲ್ಲಮ್ಮ ನಿಮಗೆ," ಎಂದರು ತಗ್ಗಿದ ದನಿಯಲ್ಲಿ. "ಇನ್ನು ನಾನೇನು ಹೇಳೋದು?"

"ಕದ್ದು ಓದಿದ್ದು ಸಾಲದು. ಎದುರಿಗೆ ನಿಂತು ಹೇಳಿ. ಎಲ್ಲರ ಮುಂದೆ."

"ನಿಮ್ಮ ಎಡಗಡೆಯ ರಕ್ತನಾಳದಲ್ಲಿ..."

"ಜೋರಾಗಿ. ಇಲ್ಲಿ ಎಲ್ಲರ ಕಿವಿನೂ ಮಂದ. ಯಾಕೆ ಮಂದ ಅಂತ ಬಿಡುವಾದಾಗ ಹೇಳ್ತೀನಿ."

ಡಾಕ್ಟರು ಉಸಿರೆಳೆದುಕೊಂಡರು. ಹೇಳಿದರು. ಗೋಡೆಯೊಳಗಿನ ಜಿಡ್ಡು, ಸೋರಿದ ರಕ್ತ, ತೆಳುವಾದ ಸಿಪ್ಪೆ, ಒಂದೊಂದನ್ನೂ ಹಲಗೆಯ ಮೇಲೆ ಬರೆದ ದಿನದಂತೆಯೇ ಬಿಡಿಸಿ ಹೇಳಿದರು. ಮಾತು ಓಣಿಯ ಗೋಡೆಗಳಿಗೆ ತಾಗಿ ಹಿಂದಿರುಗಿತು. ಹೇಳಿ ಮುಗಿಸಿದಾಗ ಅವರ ಮುಖದ ಬಿಗಿ ಯಾಕೋ ಸಡಿಲವಾಗಿತ್ತು.

"ಈಗ ನನ್ನದು ಕೇಳಿ," ಎಂದಳು ಲಾಳಿಯಕ್ಕ. "ಎಡಗಣ್ಣಿನ ಮೇಲೆ ಬೂದು ಬಟ್ಟೆ ಇಳಿಯುತ್ತೆ. ಮೇಲಿಂದ ಕೆಳಗೆ. ಮೊನ್ನೆ ಮೆಟ್ಟಿಲ ಮೇಲೆ ಆಗಿತ್ತು. ನಿಮ್ಮ ಹತ್ರ ಇಲ್ಲ ಅಂದಿದ್ದೆ. ಹೊರಗೆ ಹಾಕ್ತೀರಿ ಅಂತ."

ಚೀಲ ಫಿಟ್ಟರ್‌ನ ತೊಡೆಯಿಂದ ಕೆಳಗೆ ಬಿತ್ತು. "ಅಕ್ಕಾ! ನನಗೂ ಹೇಳಲಿಲ್ಲವಾ?"

"ಬೋಲ್ಟಿನ ವಿಷ್ಯ ನೀನು ಹೇಳಿದ್ಯಾ?"

ಡಾಕ್ಟರು ಆ ಹೊತ್ತಿಗೆ ಅಲ್ಲಿರಲಿಲ್ಲ. ಗಾಲಿಕುರ್ಚಿ ತರಲು ಯಾರನ್ನೋ ಕೂಗಿ, ಕೂಗಿದ್ದು ಸಾಲದೆಂದು ತಾವೇ ಓಡಿ, ತಾವೇ ತಳ್ಳಿಕೊಂಡು ಬಂದರು. "ಮೇಲಕ್ಕೆ ಹೋಗೋಣ. ಈಗಲೇ. ಆಪರೇಷನ್ ಮಾಡೋರಿಗೆ ಫೋನ್ ಮಾಡಿದ್ದೀನಿ." ಅವಳನ್ನು ಕೂರಿಸಿ ಲಿಫ್ಟಿನ ಕಡೆ ನಾಲ್ಕು ಹೆಜ್ಜೆ ಹಾಕಿದವರು ನಿಂತರು. ಬೆಂಚುಗಳು ಇನ್ನೂ ಅವರನ್ನೇ ನೋಡುತ್ತಿದ್ದವು. ಗಂಟಜ್ಜಿ ಎಡಗೈಯಿಂದ ಬಲಗೈಯನ್ನು ನೀವಿಕೊಳ್ಳುತ್ತಿದ್ದಳು. ಡಾಕ್ಟರು ಅವಳ ಮುಂದೆ ಬಗ್ಗಿದರು. ಅವಳಿಗೆ ಕೂಗಿದರೂ ಕೇಳಿಸದೆಂದು ಅವರಿಗೆ ಗೊತ್ತಿತ್ತು. ಒಂದು ಗಳಿಗೆ ತಡವರಿಸಿ, ದನಿಯಿಲ್ಲದೆ, ಅಕ್ಷರ ಕಲಿಯುವ ಮಗುವಿನಂತೆ ತುಟಿ ಅಲುಗಿಸಿದರು.

"ನಿಮ್ಮದೂ, ಹೇಳ್ತೀನಿ. ಎಲ್ಲರದ್ದೂ."

ಗಂಟಜ್ಜಿ ಹುಬ್ಬು ಗಂಟಿಕ್ಕಿದಳು. "ಬಾಯಿ ಇನ್ನೂ ಅಗಲ ಮಾಡು ಮಗಾ," ಎಂದಳು ಗಟ್ಟಿಯಾಗಿ. "ಏನೋ ಬಾಯಲ್ಲಿಟ್ಕೊಂಡು ಚೀಪಿದ ಹಾಗಿದೆ."

ಓಣಿ ನಕ್ಕಿತು. ನಿಯಮ ಬದಲಾಗಲು ಮೇಲಿನವರ ಹತ್ತಿರ ಎಷ್ಟು ಬಾಗಿಲು ತಟ್ಟಬೇಕೋ, ಅದು ನಾಳೆಯ ಮಾತು. ಈ ಹೊತ್ತು ಯಂತ್ರ ನಿಂತಿತ್ತು, ಕೊಟ್ಟ ಮಾತನ್ನು ಇಷ್ಟು ಕಣ್ಣುಗಳು ಓದಿದ್ದವು.

ಲಿಫ್ಟಿನ ಬಾಗಿಲು ಮುಚ್ಚುವಾಗ ಲಾಳಿಯಕ್ಕ ತಿರುಗಿ ನೋಡಿದಳು. ಬೆಂಚಿನ ಸಾಲಿನ ತುದಿಯಲ್ಲಿ, ಗೋಡೆಗೆ ಬೆನ್ನು ಕೊಡದೆ, ಹೆಗಲ ಮೇಲೆ ತಲೆಬಟ್ಟೆ ಹಾಕಿಕೊಂಡು ಒಬ್ಬಳು ನಿಂತಿದ್ದಳು. ತುಟಿ ಬಿಚ್ಚಲಿಲ್ಲ. ಲಾಳಿಯಕ್ಕನೂ ಏನೂ ಕೇಳಲಿಲ್ಲ. ಮುಚ್ಚುತ್ತಿದ್ದ ಬಾಗಿಲ ಸಂದಿಯಲ್ಲಿ ಬಾಯಿಯನ್ನು ಅಗಲಿಸಿ, ಕಿರಿದು ಮಾಡಿ, ಒಂದೊಂದು ಅಕ್ಷರವೂ ದೂರಕ್ಕೆ ಕಾಣುವಂತೆ ತಾನೇ ಹೇಳಿದಳು.

"ನಾನೀಗ್ಲೇ ಬರೋದಿಲ್ಲ ಕಣೇ. ಇಲ್ಲಿ ಕೆಲಸ ಇದೆ."